ಆಂಟಿವೈರಸ್ ಕಾವಲೂ ತಂತ್ರಾಂಶ ಪರೀಕ್ಷೆಯೂ: ಒಂದು ಚಾರಿತ್ರಿಕ ವಿವೇಚನೆ

೧. ವಿಷಯದ ಸ್ವರೂಪ

ತಂತ್ರಾಂಶವನ್ನು ರಚಿಸುವವರು ತಮ್ಮ ಕೃತಿ ಸರಿಯಾಗಿದೆಯೇ ಎಂದು ತಿಳಿಯಲು ಇನ್ನೊಂದು ತಂತ್ರಾಂಶವನ್ನೇ ನಿಯೋಜಿಸುವ ಪದ್ಧತಿ ಇಂದು ಸರ್ವಸಾಮಾನ್ಯವಾಗಿದೆ. ಇದಕ್ಕೆ ಸ್ವಯಂಚಾಲಿತ ಪರೀಕ್ಷೆ ಎಂದು ಹೆಸರು. ಅದೇ ಕಂಪ್ಯೂಟರಿನಲ್ಲಿ, ಹಾನಿಕಾರಕ ಪ್ರೋಗ್ರಾಮುಗಳನ್ನು ತಡೆಯುವ ಸಲುವಾಗಿ, ಆಂಟಿವೈರಸ್ ಎಂಬ ಮತ್ತೊಂದು ತಂತ್ರಾಂಶ ಹಗಲಿರುಳೂ ಕಾವಲಿರುತ್ತದೆ. ಇವೆರಡೂ ಒಂದೆಡೆ ಕೂಡಿದಾಗ ವಿಚಿತ್ರವಾದ ಸ್ಥಿತಿಯೊಂದು ಒದಗುವುದುಂಟು. ಬೆಳಿಗ್ಗೆ ತೇರ್ಗಡೆಯಾದ ಪರೀಕ್ಷೆ ಮಧ್ಯಾಹ್ನ ಸೋಲುತ್ತದೆ. ಒಂದಕ್ಷರವನ್ನೂ ತಿದ್ದದೆ ಮತ್ತೆ ನಡೆಸಿದರೆ ಪುನಃ ತೇರ್ಗಡೆಯಾಗುತ್ತದೆ. ದೋಷವನ್ನು ಹುಡುಕಹೊರಟವನಿಗೆ ತನ್ನ ಬರೆಹದಲ್ಲಿ ದೋಷವೇ ಕಾಣುವುದಿಲ್ಲ. ಏಕೆಂದರೆ ಪರೀಕ್ಷೆ ಬಳಸುತ್ತಿದ್ದ ಕಡತವನ್ನು ಅದೇ ಕ್ಷಣದಲ್ಲಿ ಕಾವಲಿನ ತಂತ್ರಾಂಶವೂ ತೆರೆದು ನೋಡುತ್ತಿತ್ತು.

ಇದನ್ನು ಕುಶಲಕರ್ಮಿಗಳ ನಿತ್ಯದ ತೊಡಕೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇದಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿಯದೆ ಕೈಗೊಂಡ ಪರಿಹಾರಗಳು ಕೆಲವೆಡೆ ಮೂಲವ್ಯಾಧಿಗಿಂತ ಹೆಚ್ಚು ಅಪಾಯವನ್ನು ಆಹ್ವಾನಿಸಿವೆ. ಈ ಎರಡು ಉಪಕರಣಗಳು ಯಾವ ಯಾವ ಕಾರಣದಿಂದ ಹುಟ್ಟಿದವು, ಎಲ್ಲಿ ಎದುರುಬದುರಾದವು, ಆ ಘರ್ಷಣೆಯನ್ನು ಜನರು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ಕ್ರಮವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಆಕರಗಳ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಪ್ರೋಗ್ರಾಮನ್ನು ಬರೆಯುವವರು ಯಂತ್ರ ಓದದ, ಮನುಷ್ಯರಿಗಾಗಿ ಮಾತ್ರ ಬರೆದಿಡುವ ಟಿಪ್ಪಣಿಗಳಿವೆ. ಇವುಗಳಿಗೆ ಚರಿತ್ರಕಾರನ ದೃಷ್ಟಿಯಲ್ಲಿ ಶಾಸನಗಳಿಗಿರುವಂತಹ ಬೆಲೆಯಿದೆ. ದಾನಶಾಸನದ ಅಂತ್ಯದಲ್ಲಿ ಬರುವ ಶಾಪವಾಕ್ಯಗಳಿಂದ ದತ್ತಿಗೆ ಯಾವ ಕಡೆಯಿಂದ ಅಪಾಯವಿತ್ತೆಂದು ನಾವು ಊಹಿಸುವಂತೆ, ಈ ಟಿಪ್ಪಣಿಗಳಿಂದ ಬರೆದವನು ಯಾವುದಕ್ಕೆ ಅಂಜಿದ್ದನೆಂಬುದು ತಿಳಿಯುತ್ತದೆ. ಮುಂದಿನ ವಿವೇಚನೆಯಲ್ಲಿ ಇಂತಹ ಟಿಪ್ಪಣಿಗಳನ್ನು ಅಲ್ಲಲ್ಲಿ ಉಪಯೋಗಿಸಿಕೊಳ್ಳಲಾಗಿದೆ.

೨. ಕಾವಲಿನ ಉಗಮ

ತನ್ನನ್ನು ತಾನೇ ಬೇರೆಡೆಗೆ ಸಾಗಿಸಿಕೊಳ್ಳುವ ಪ್ರೋಗ್ರಾಮಿನ ಪ್ರಥಮ ಪ್ರಸಿದ್ಧ ಉದಾಹರಣೆ ಅಮೆರಿಕದ ಬಿಬಿಎನ್ ಸಂಸ್ಥೆಯಲ್ಲಿ ಬಾಬ್ ಥಾಮಸ್ ಎಂಬವರು ೧೯೭೧ರಲ್ಲಿ ರಚಿಸಿದ ಕ್ರೀಪರ್. ಅದನ್ನು ಅಟ್ಟಿಸಿಕೊಂಡು ಹೋಗಿ ಅಳಿಸುವ ರೀಪರ್ ಎಂಬುದನ್ನು ಅದೇ ಸಂಸ್ಥೆಯ ರೇ ಟಾಮ್ಲಿನ್‌ಸನ್ ರಚಿಸಿದರು. ಇವೆರಡೂ ಪ್ರಯೋಗಗಳೇ ಹೊರತು ದುರುದ್ದೇಶದ ಕೃತಿಗಳಲ್ಲ. ಸಾಮಾನ್ಯರ ಕೈಯಲ್ಲಿದ್ದ ಯಂತ್ರಗಳಿಗೆ ಈ ಜಾಡ್ಯ ತಗುಲಿದ್ದು ೧೯೮೦ರ ದಶಕದಲ್ಲಿ. ೧೯೮೨ರಲ್ಲಿ ರಿಚ್ ಸ್ಕ್ರೆಂಟಾ ಎಂಬ ವಿದ್ಯಾರ್ಥಿ ಬರೆದ ಎಲ್ಕ್ ಕ್ಲೋನರ್ ಆಪಲ್ ಯಂತ್ರಗಳ ಫ್ಲಾಪಿಗಳ ಮೂಲಕ ಹರಡಿತು. ೧೯೮೬ರಲ್ಲಿ ಲಾಹೋರಿನ ಇಬ್ಬರು ಸಹೋದರರು ರಚಿಸಿದ ಬ್ರೇನ್ ಐಬಿಎಂ ಮಾದರಿಯ ಯಂತ್ರಗಳಲ್ಲಿ ದೇಶದೇಶಗಳನ್ನು ಸುತ್ತಿತು.

ಈ ಎರಡರ ನಡುವೆ, ೧೯೮೪ರಲ್ಲಿ, ಫ್ರೆಡ್ ಕೋಹೆನ್ ಎಂಬ ಅಮೆರಿಕದ ಸಂಶೋಧಕರು ಕಂಪ್ಯೂಟರ್ ವೈರಸ್ಸುಗಳ ಸಿದ್ಧಾಂತವನ್ನೂ ಪ್ರಯೋಗಗಳನ್ನೂ ಕುರಿತ ಪ್ರಬಂಧವೊಂದನ್ನು ಮಂಡಿಸಿದರು. ‘ವೈರಸ್’ ಎಂಬ ಹೆಸರನ್ನು ಅವರಿಗೆ ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಏಡಲ್‌ಮನ್. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ವೈರಸ್ಸೇ ಅಲ್ಲವೇ ಎಂದು ತಪ್ಪದೆ ನಿರ್ಣಯಿಸುವ ವಿಧಾನ ಅಸಾಧ್ಯವೆಂದು ಈ ಪ್ರಬಂಧದಲ್ಲಿ ತೋರಿಸಲಾಗಿದೆ. ಅದರ ಯುಕ್ತಿ ಸರಳವಾದುದು. ಅಂತಹ ನಿರ್ಣಾಯಕವೊಂದು ಇದೆಯೆಂದು ಭಾವಿಸೋಣ. ತನ್ನ ಬಗ್ಗೆ ನಿರ್ಣಾಯಕ ಏನು ಹೇಳುತ್ತದೆಂದು ಮೊದಲು ಕೇಳಿ, ಅದು ‘ವೈರಸ್’ ಎಂದರೆ ಸುಮ್ಮನಿದ್ದು, ‘ವೈರಸ್ಸಲ್ಲ’ ಎಂದರೆ ಹರಡುವ ಪ್ರೋಗ್ರಾಮನ್ನು ಯಾರಾದರೂ ಬರೆಯಬಹುದು. ಆಗ ನಿರ್ಣಾಯಕ ಏನು ಹೇಳಿದರೂ ಅದು ತಪ್ಪಾಗುತ್ತದೆ. ಆದುದರಿಂದ ಕಾವಲುಗಾರನು ಕಳ್ಳನನ್ನು ಒಳಬಿಡುವುದು ಅಥವಾ ಸಜ್ಜನನನ್ನು ಹಿಡಿಯುವುದು ಎಂಬ ಎರಡು ತಪ್ಪುಗಳಲ್ಲಿ ಒಂದನ್ನಾದರೂ ಆಗಾಗ ಮಾಡಲೇಬೇಕು. ಇದು ಯಾವುದೋ ಒಂದು ಕಂಪನಿಯ ಅಜಾಗರೂಕತೆಯಿಂದ ಬಂದ ಕೊರತೆಯಲ್ಲ. ಆ ವೃತ್ತಿಗೇ ಹುಟ್ಟಿನಿಂದ ಅಂಟಿಕೊಂಡದ್ದು.

೧೯೮೭–೮೮ರ ಸುಮಾರಿಗೆ ಅಮೆರಿಕದಲ್ಲಿ ಜಾನ್ ಮೆಕಫಿ, ಇಂಗ್ಲೆಂಡಿನಲ್ಲಿ ಅಲನ್ ಸಾಲಮನ್, ಚೆಕೊಸ್ಲೊವಾಕಿಯಾದಲ್ಲಿ ಮುಂದೆ ನಾಡ್ ಮತ್ತು ಅವಾಸ್ಟ್ ಎಂದು ಹೆಸರಾದ ತಂತ್ರಾಂಶಗಳ ಕರ್ತೃಗಳು ಈ ಕಾರ್ಯಕ್ಕೆ ತೊಡಗಿದರು. ಆರಂಭದ ಆಂಟಿವೈರಸ್ಸುಗಳಲ್ಲಿ ಅನೇಕವು, ಬಳಕೆದಾರನು ಕರೆದಾಗ ಬಂದು, ಡಿಸ್ಕನ್ನು ಒಮ್ಮೆ ಶೋಧಿಸಿ, ಹಿಂದಿರುಗುತ್ತಿದ್ದವು. ತರುವಾಯ ನೆನಪಿನಕೋಶದಲ್ಲಿಯೇ ಬೀಡುಬಿಟ್ಟು ಪ್ರತಿಯೊಂದು ಕಡತದ ವ್ಯವಹಾರವನ್ನೂ ತಡೆದು ನೋಡುವ ಪದ್ಧತಿ ಬಲಗೊಂಡಿತು. ೧೯೯೩ರಲ್ಲಿ ಹೊರಬಂದ ಎಂಎಸ್-ಡಾಸ್ ೬ರ ಜೊತೆಯಲ್ಲಿಯೇ ಬಂದ ಆಂಟಿವೈರಸ್ಸಿನಲ್ಲಿ ವಿಸೇಫ್ ಎಂಬ ಇಂತಹ ನಿವಾಸಿ ಕಾವಲುಗಾರನಿತ್ತು. ಅದೇ ತಂತ್ರಾಂಶ ತಾನು ಶೋಧಿಸಿದ ಫೋಲ್ಡರುಗಳಲ್ಲಿ ತಪಾಸಣೆಯ ಲೆಕ್ಕವಿಟ್ಟ ಸಣ್ಣ ಕಡತವೊಂದನ್ನು ಬಿಟ್ಟುಹೋಗುತ್ತಿತ್ತು. ಫೋಲ್ಡರಿನಲ್ಲಿ ಎಷ್ಟು ಕಡತಗಳಿವೆಯೆಂದು ಎಣಿಸುವ ಪರೀಕ್ಷೆಯೊಂದು ಅಲ್ಲಿ ನಡೆದಿದ್ದರೆ, ಎಣಿಕೆಗೆ ಒಂದು ಹೆಚ್ಚಾಗಿ ಬರುತ್ತಿತ್ತು. ಆ ಕಾಲಕ್ಕೆ ಅಂತಹ ಪರೀಕ್ಷೆಗಳು ಇನ್ನೂ ರೂಢಿಗೆ ಬಂದಿರಲಿಲ್ಲವಾದ್ದರಿಂದ ಘರ್ಷಣೆ ಬೀಜರೂಪದಲ್ಲಿಯೇ ಉಳಿಯಿತು.

೩. ಪರೀಕ್ಷೆಯ ಯಾಂತ್ರೀಕರಣ

ಅತ್ತ ಪರೀಕ್ಷೆಯ ಕಥೆ ಬೇರೊಂದು ದಾರಿಯಲ್ಲಿ ಸಾಗಿತ್ತು. ೧೯೯೪ರಲ್ಲಿ ಕೆಂಟ್ ಬೆಕ್ ಎಂಬವರು ಸ್ಮಾಲ್‌ಟಾಕ್ ಭಾಷೆಯ ಪ್ರೋಗ್ರಾಮುಗಳನ್ನು ಅದೇ ಭಾಷೆಯ ಪ್ರೋಗ್ರಾಮುಗಳಿಂದ ಪರೀಕ್ಷಿಸುವ ಸರಳ ಚೌಕಟ್ಟನ್ನು ವಿವರಿಸಿದರು. ೧೯೯೭ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾ ನಗರದ ಸಮ್ಮೇಳನವೊಂದಕ್ಕೆ ವಿಮಾನದಲ್ಲಿ ಪ್ರಯಾಣಿಸುತ್ತ ಜಾವಾ ಭಾಷೆಗಾಗಿ ಜೆಯುನಿಟ್ ಎಂಬ ಚೌಕಟ್ಟನ್ನು ಬರೆದರು. ಅದರ ಮಾದರಿ ಇತರ ಭಾಷೆಗಳಿಗೂ ಹಬ್ಬಿತು. ಪರೀಕ್ಷೆಗಳನ್ನು ಮನುಷ್ಯನು ಪ್ರಾರಂಭಿಸುವುದೂ ಬೇಡ, ಬರೆಹ ಬದಲಾದಾಗಲೆಲ್ಲ ಯಂತ್ರವೇ ಅವುಗಳನ್ನು ನಡೆಸಲಿ ಎಂಬ ಉದ್ದೇಶದಿಂದ ೨೦೦೧ರಲ್ಲಿ ಕ್ರೂಸ್‌ಕಂಟ್ರೋಲ್, ೨೦೦೫ರಲ್ಲಿ ಕೊಹ್ಸುಕೆ ಕವಾಗುಚಿಯವರ ಹಡ್ಸನ್ ಹೊರಬಂದವು. ಹಡ್ಸನ್ನಿನ ಬಹುಭಾಗದ ಬಳಗ ೨೦೧೧ರಿಂದ ಜೆಂಕಿನ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಹೀಗೆ ಪರೀಕ್ಷೆ ಮನುಷ್ಯನ ಕಣ್ಣಿನಿಂದ ದೂರವಾಗಿ, ‘ಬಿಲ್ಡ್ ಸರ್ವರ್’ ಎಂಬ ಪ್ರತ್ಯೇಕ ಯಂತ್ರದಲ್ಲಿ ರಾತ್ರಿಯೆಲ್ಲ ನಡೆಯುವ ಕೆಲಸವಾಯಿತು.

ಇಂತಹ ಪರೀಕ್ಷೆಯ ನಡವಳಿಕೆಯನ್ನು ಕಾವಲುಗಾರನ ದೃಷ್ಟಿಯಿಂದ ಒಮ್ಮೆ ಅವಲೋಕಿಸಬೇಕು. ಎಲ್ಲಿಂದಲೋ ಒಂದು ಹೊಸ ಪ್ರೋಗ್ರಾಮು ತಾತ್ಕಾಲಿಕ ಫೋಲ್ಡರಿನಲ್ಲಿ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಯಾರ ಡಿಜಿಟಲ್ ಸಹಿಯೂ ಇಲ್ಲ. ಅದು ಹುಟ್ಟಿದ ಕೂಡಲೇ ಓಡತೊಡಗಿ, ನೂರಾರು ಕಡತಗಳನ್ನು ಸೃಷ್ಟಿಸಿ, ಅಳಿಸಿ, ಹೆಸರು ಬದಲಿಸಿ, ಇತರ ಪ್ರೋಗ್ರಾಮುಗಳನ್ನು ಹೊರಡಿಸಿ, ಜಾಲಸಂಪರ್ಕವನ್ನು ತೆರೆದು, ಕೆಲವು ಸೆಕೆಂಡುಗಳಲ್ಲಿ ತನ್ನ ಕುರುಹನ್ನೆಲ್ಲ ಅಳಿಸಿಕೊಂಡು ಮಾಯವಾಗುತ್ತದೆ. ದುಷ್ಟ ಪ್ರೋಗ್ರಾಮಿನ ಲಕ್ಷಣಗಳೆಂದು ಆಂಟಿವೈರಸ್ ಕರ್ತೃಗಳು ಗುರುತಿಸಿಕೊಂಡಿದ್ದ ಚರ್ಯೆಗಳಲ್ಲಿ ಬಹುಪಾಲು ಇಲ್ಲಿ ಕಾಣುತ್ತವೆ.

೨೦೦೯ರ ಸುಮಾರಿಗೆ ಈ ಸಾದೃಶ್ಯ ಇನ್ನಷ್ಟು ತೊಡಕಿನದಾಯಿತು. ಕಡತವೊಂದನ್ನು ಜಗತ್ತಿನಲ್ಲಿ ಎಷ್ಟು ಜನ ಬಳಸುತ್ತಿದ್ದಾರೆ, ಎಷ್ಟು ದಿನದಿಂದ ಬಳಸುತ್ತಿದ್ದಾರೆ ಎಂಬುದರಿಂದ ಅದರ ಯೋಗ್ಯತೆಯನ್ನು ಅಳೆಯುವ ‘ಖ್ಯಾತಿ’ಯ ಪದ್ಧತಿಯನ್ನು ನಾರ್ಟನ್ ಮೊದಲಾದ ಆಂಟಿವೈರಸ್ಸುಗಳು ತಂದವು. ಬಿಲ್ಡ್ ಯಂತ್ರದಲ್ಲಿ ಈಗತಾನೆ ತಯಾರಾದ ಪ್ರೋಗ್ರಾಮನ್ನು ಜಗತ್ತಿನಲ್ಲಿ ಬೇರೆ ಯಾರೂ ಕಂಡಿರಲು ಸಾಧ್ಯವೇ ಇಲ್ಲ. ನವಜಾತವಾಗಿರುವುದೇ ಅದರ ಅಪರಾಧವಾಯಿತು. ಗೋ ಭಾಷೆಯ ನಿದರ್ಶನ ಇಲ್ಲಿ ಉಚಿತವಾಗಿದೆ. ಆ ಭಾಷೆಯ ಪರೀಕ್ಷಾವಿಧಾನ ಪರೀಕ್ಷೆಯನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಪ್ರೋಗ್ರಾಮಾಗಿ ರೂಪಿಸಿ ತಕ್ಷಣ ಓಡಿಸುತ್ತದೆ. ತಾನು ತಯಾರಿಸಿದ ಪ್ರೋಗ್ರಾಮನ್ನು ಆಂಟಿವೈರಸ್ ಏಕೆ ವೈರಸ್ಸೆಂದು ಹೇಳುತ್ತದೆ ಎಂಬ ಪ್ರಶ್ನೆ ಆ ಭಾಷೆಯ ಅಧಿಕೃತ ಪ್ರಶ್ನೋತ್ತರದಲ್ಲಿಯೇ ಸ್ಥಾನ ಪಡೆದಿದೆ. ವಿಂಡೋಸಿನಲ್ಲಿ ಇದು ವಿಶೇಷವಾಗಿ ಕಂಡುಬರುವುದೆಂದೂ, ಅದು ಪ್ರಾಯಶಃ ಯಾವಾಗಲೂ ತಪ್ಪು ಪತ್ತೆಯೆಂದೂ, ಈ ಭಾಷೆಯ ಪ್ರೋಗ್ರಾಮುಗಳ ರಚನೆ ಆಂಟಿವೈರಸ್ಸುಗಳಿಗೆ ಅಷ್ಟಾಗಿ ಪರಿಚಿತವಲ್ಲದಿರುವುದೇ ಕಾರಣವೆಂದೂ ಅಲ್ಲಿ ಸಮಾಧಾನ ಹೇಳಲಾಗಿದೆ.

೪. ಎರಡೂ ಸಂಧಿಸಿದ ಸ್ಥಳ

ಸಂದೇಹದಿಂದ ಉಂಟಾಗುವ ತಡೆ ಒಂದು ಬಗೆಯದು. ಯಾವ ಸಂದೇಹವೂ ಇಲ್ಲದೆ, ಕೇವಲ ತಪಾಸಣೆಯಿಂದಲೇ ಉಂಟಾಗುವ ತಡೆ ಇನ್ನೊಂದು ಬಗೆಯದು. ಹೆಚ್ಚು ಸೂಕ್ಷ್ಮವಾದುದೂ ಇದೇ. ಇದನ್ನು ತಿಳಿಯಲು ಕಡತವನ್ನು ಅಳಿಸುವ ಕ್ರಮದ ಬಗ್ಗೆ ಎರಡು ಮಾತು ಅಗತ್ಯ.

೧೯೭೦ರ ದಶಕದಲ್ಲಿ ಬೆಳೆದ ಯೂನಿಕ್ಸಿನಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ. ಅಳಿಸಿದ ಕೂಡಲೇ ಹೆಸರು ಹೋಗುತ್ತದೆ. ಯಾರಾದರೂ ಅದನ್ನು ತೆರೆದಿಟ್ಟುಕೊಂಡಿದ್ದರೆ ಅವರ ಪಾಲಿಗೆ ಮಾತ್ರ ಕಡತ ಉಳಿದಿರುತ್ತದೆ. ಅದೇ ಹೆಸರಿನಲ್ಲಿ ಬೇರೊಬ್ಬರು ಹೊಸ ಕಡತವನ್ನು ಆಗಲೇ ಸೃಷ್ಟಿಸಬಹುದು. ಮೈಕ್ರೋಸಾಫ್ಟಿನ ಪರಂಪರೆ ಇದಕ್ಕಿಂತ ಭಿನ್ನವಾದುದು. ೧೯೮೪ರ ಎಂಎಸ್-ಡಾಸ್ ೩ರಲ್ಲಿ, ಒಂದೇ ಕಡತವನ್ನು ಇಬ್ಬರು ಏಕಕಾಲದಲ್ಲಿ ತೆರೆದು ಕೆಡಿಸಬಾರದೆಂಬ ಸದುದ್ದೇಶದಿಂದ, ತೆರೆಯುವವನು ಇತರರಿಗೆ ಏನೇನು ಅವಕಾಶ ಕೊಡುತ್ತಾನೆಂದು ಮೊದಲೇ ಸಾರುವ ನಿಯಮ ಬಂದಿತು. ೧೯೯೩ರಲ್ಲಿ ಬಂದ ವಿಂಡೋಸ್ ಎನ್‌ಟಿ ಈ ನಿಯಮವನ್ನು ಇನ್ನಷ್ಟು ವಿಸ್ತರಿಸಿತು. ಅದರಂತೆ ಕಡತವನ್ನು ತೆರೆದವನು ಅಳಿಸಲು ಸಮ್ಮತಿಸಿರದಿದ್ದರೆ ಇನ್ನೊಬ್ಬನಿಗೆ ಅಳಿಸಲು ಬರುವುದಿಲ್ಲ. ಸಮ್ಮತಿಸಿದ್ದರೂ, ಕೊನೆಯವನು ಮುಚ್ಚುವವರೆಗೆ ಕಡತ ‘ಅಳಿಯಲಿರುವ’ ಸ್ಥಿತಿಯಲ್ಲಿ ಹೆಸರುಸಹಿತ ಉಳಿಯುತ್ತಿತ್ತು.

ಇನ್ನು ಕಾವಲುಗಾರನ ನೆಲೆ. ವಿಂಡೋಸಿನಲ್ಲಿ ಆಂಟಿವೈರಸ್ ಕಡತವ್ಯವಸ್ಥೆಯ ಮೇಲುಗಡೆ ‘ಫಿಲ್ಟರ್’ ಎಂಬ ರೂಪದಲ್ಲಿ ಕುಳಿತಿರುತ್ತದೆ. ೨೦೦೪ರ ಸುಮಾರಿನಿಂದ ಇಂತಹ ಫಿಲ್ಟರುಗಳನ್ನು ಒಂದು ಮೇಲ್ವಿಚಾರಕ ವ್ಯವಸ್ಥೆಯ ಕೆಳಗೆ ತಂದು, ಒಂದೊಂದು ಜಾತಿಗೂ ‘ಎತ್ತರ’ವೆಂಬ ಅಂಕಿಯನ್ನು ಗೊತ್ತುಮಾಡಲಾಯಿತು. ಆಂಟಿವೈರಸ್ಸುಗಳಿಗೆ ೩,೨೦,೦೦೦ದಿಂದ ಮೇಲಿನ ಒಂದು ಶ್ರೇಣಿ ಮೀಸಲಾಗಿದೆ. ಕಡತದ ಬಗ್ಗೆ ಬರುವ ಪ್ರತಿಯೊಂದು ಕೋರಿಕೆಯೂ ಈ ಅಂತಸ್ತನ್ನು ದಾಟಿಯೇ ಕೆಳಗಿಳಿಯಬೇಕು.

ಈಗ ಪರೀಕ್ಷೆಯೊಂದರ ಹೆಜ್ಜೆಗಳನ್ನು ಎಣಿಸೋಣ. ಪರೀಕ್ಷೆ ಒಂದು ಕಡತವನ್ನು ಬರೆದು ಮುಚ್ಚುತ್ತದೆ. ಹೊಸದಾಗಿ ಬರೆದ ಕಡತವಾದುದರಿಂದ ಆಂಟಿವೈರಸ್ ಅದನ್ನು ತೆರೆದು ಓದತೊಡಗುತ್ತದೆ. ಅಷ್ಟರಲ್ಲಿ ಪರೀಕ್ಷೆ ಆ ಕಡತವನ್ನು ಅಳಿಸಲು ಕೋರುತ್ತದೆ. ಕಾವಲುಗಾರನು ಅಳಿಸಲು ಸಮ್ಮತಿಸಿರದಿದ್ದರೆ ೩೨ನೆಯ ಸಂಖ್ಯೆಯ ದೋಷ, ಅಂದರೆ ‘ಬೇರೊಬ್ಬರು ಬಳಸುತ್ತಿದ್ದಾರೆ’ ಎಂಬ ಉತ್ತರ, ಕೂಡಲೇ ಬರುತ್ತದೆ. ಸಮ್ಮತಿಸಿದ್ದರೆ ‘ಅಳಿಸಲಾಯಿತು’ ಎಂಬ ಉತ್ತರವೇ ಬರುತ್ತದೆ. ಆದರೆ ಅದನ್ನು ನಂಬಿ ಪರೀಕ್ಷೆ ಅದೇ ಹೆಸರಿನ ಕಡತವನ್ನು ಮತ್ತೆ ಸೃಷ್ಟಿಸಹೋದರೆ ೫ನೆಯ ಸಂಖ್ಯೆಯ ‘ಪ್ರವೇಶವಿಲ್ಲ’ ಎಂಬ ದೋಷವೂ, ಫೋಲ್ಡರನ್ನು ತೆಗೆಯಹೋದರೆ ೧೪೫ನೆಯ ಸಂಖ್ಯೆಯ ‘ಫೋಲ್ಡರು ಖಾಲಿಯಿಲ್ಲ’ ಎಂಬ ದೋಷವೂ ಎದುರಾಗುತ್ತವೆ. ಕೆಲವು ಮಿಲಿಸೆಕೆಂಡು ತಡೆದು ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ. ಇಲ್ಲಿ ಮೂವರೂ ತಂತಮ್ಮ ಧರ್ಮವನ್ನು ಪಾಲಿಸಿದ್ದಾರೆ: ಪರೀಕ್ಷೆ ತಾನು ಮಾಡಿದ್ದನ್ನು ತಾನೇ ಗುಡಿಸಿತು, ಕಾವಲುಗಾರನು ಹೊಸಬನನ್ನು ವಿಚಾರಿಸಿದನು, ಕಡತವ್ಯವಸ್ಥೆ ಓದುತ್ತಿದ್ದವನ ಕೈಯಿಂದ ಕಡತವನ್ನು ಕಿತ್ತುಕೊಳ್ಳಲಿಲ್ಲ. ಮೂರು ಸದ್ವರ್ತನೆಗಳ ಮೊತ್ತ ಒಂದು ಸುಳ್ಳುಸೋಲು. ವಿಂಡೋಸ್ ೧೦ರ ಕಾಲದಲ್ಲಿ ಯೂನಿಕ್ಸ್ ರೀತಿಯ ಅಳಿಸುವಿಕೆಯನ್ನೂ ಮೈಕ್ರೋಸಾಫ್ಟ್ ಅಳವಡಿಸಿತು. ಇದರಿಂದ ತೊಡಕು ತಗ್ಗಿತಾದರೂ, ಕಾವಲುಗಾರನ ಸಮ್ಮತಿಯಿಲ್ಲದ ಸಂದರ್ಭದಲ್ಲಿ ಅದು ಇಂದಿಗೂ ಉಳಿದಿದೆ.

೫. ಟಿಪ್ಪಣಿಗಳ ಸಾಕ್ಷ್ಯ

ಈ ಅನುಭವ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಪ್ರಸಿದ್ಧ ತಂತ್ರಾಂಶಗಳ ಒಡಲಲ್ಲಿಯೇ ಸಾಕ್ಷ್ಯವಿದೆ. ರಿಚರ್ಡ್ ಹಿಪ್ ಅವರು ೨೦೦೦ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಎಂಬ ದತ್ತಸಂಗ್ರಹ ತಂತ್ರಾಂಶ ಇಂದು ಅಸಂಖ್ಯಾತ ಉಪಕರಣಗಳಲ್ಲಿದೆ. ಅದರ ವಿಂಡೋಸ್ ಭಾಗದಲ್ಲಿ, ಓದುವುದು, ಬರೆಯುವುದು, ಅಳಿಸುವುದು ಇವು ಬೀಗದ ಕಾರಣದಿಂದ ವಿಫಲವಾದರೆ ಹತ್ತು ಬಾರಿ ಮರುಪ್ರಯತ್ನಿಸುವ ವ್ಯವಸ್ಥೆಯಿದೆ. ಮೊದಲ ವಿರಾಮ ೨೫ ಮಿಲಿಸೆಕೆಂಡು. ಪ್ರತಿ ಬಾರಿಯೂ ಅಷ್ಟಷ್ಟೇ ಹೆಚ್ಚುತ್ತ ಹೋಗುತ್ತದೆ. ಎಲ್ಲವನ್ನೂ ಕೂಡಿದರೆ ಸುಮಾರು ೧.೪ ಸೆಕೆಂಡು. ಈ ವಿಫಲತೆಗೆ ಆಂಟಿವೈರಸ್ಸೇ ಪ್ರಾಯಶಃ ಕಾರಣವೆಂದು ಪಕ್ಕದ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ಗಿಟ್ ಎಂಬ ತಂತ್ರಾಂಶದ ವಿಂಡೋಸ್ ಭಾಗದಲ್ಲಿಯೂ ೦, ೧, ೧೦, ೨೦, ೪೦ ಮಿಲಿಸೆಕೆಂಡುಗಳ ವಿರಾಮಗಳ ಪಟ್ಟಿಯೊಂದನ್ನು ಇರಿಸಲಾಯಿತು. ಅಲ್ಲಿನ ಟಿಪ್ಪಣಿ ಆಂಟಿವೈರಸ್ಸನ್ನು ಹೆಸರಿಸುವುದಿಲ್ಲ. ಬೇರಾವುದೋ ಪ್ರೋಗ್ರಾಮು ಅಕಾಲದಲ್ಲಿ ಕಡತವನ್ನು ತೆರೆದಿರಬೇಕೆಂದಷ್ಟೇ ಊಹಿಸುತ್ತದೆ.

ಪೈಥಾನ್ ಭಾಷೆಯ ಕರ್ತೃಗಳು ಇಂತಹದೇ ವ್ಯವಸ್ಥೆಯನ್ನು ತಮ್ಮ ಪರೀಕ್ಷೆಗಳ ಸಹಾಯಕ ಭಾಗದಲ್ಲಿ ಇಟ್ಟರು. ವಿಂಡೋಸಿನಲ್ಲಿ ಕಡತವನ್ನು ಅಳಿಸಿದ ಮೇಲೆ, ಆ ಹೆಸರು ನಿಜವಾಗಿಯೂ ಮರೆಯಾಗುವವರೆಗೆ ೧ ಮಿಲಿಸೆಕೆಂಡಿನಿಂದ ಆರಂಭಿಸಿ ಇಮ್ಮಡಿಸುತ್ತ, ಒಟ್ಟು ಸುಮಾರು ಒಂದು ಸೆಕೆಂಡಿನವರೆಗೆ ಅದು ಕಾಯುತ್ತದೆ. ಅಷ್ಟಾದರೂ ಹೆಸರು ಉಳಿದಿದ್ದರೆ, ಅಳಿಸುವಿಕೆ ಇನ್ನೂ ಬಾಕಿಯಿರುವುದರಿಂದ ಪರೀಕ್ಷೆಗಳು ಸೋಲಬಹುದೆಂಬ ಎಚ್ಚರಿಕೆಯನ್ನು ದಾಖಲಿಸಿ ಮುಂದುವರಿಯುತ್ತದೆ.

ಈ ಟಿಪ್ಪಣಿಗಳಲ್ಲಿ ಅತ್ಯಂತ ವಿನೋದಕರವಾದುದು ಎಸ್‌ಕ್ಯೂಲೈಟಿನದೇ. ೨೦೦೬ರ ಅಕ್ಟೋಬರ್ ೩೧ರ ದಿನಾಂಕವುಳ್ಳ ಆ ಟಿಪ್ಪಣಿಯಿಂದ ತಿಳಿಯುವುದೇನೆಂದರೆ, ಮೆಕಫಿ ಆಂಟಿವೈರಸ್ ತನ್ನ ಒಳಗೆ ಎಸ್‌ಕ್ಯೂಲೈಟನ್ನು ಬಳಸತೊಡಗಿದ ಮೇಲೆ ಜನರ ಯಂತ್ರಗಳ ತಾತ್ಕಾಲಿಕ ಫೋಲ್ಡರಿನಲ್ಲಿ ಆ ಹೆಸರಿನ ಕಡತಗಳು ತುಂಬತೊಡಗಿದವು. ಅದನ್ನು ಕಂಡು ಬೇಸತ್ತವರು ದೂರವಾಣಿ ಸಂಖ್ಯೆಯನ್ನು ಹುಡುಕಿ ತೆಗೆದು, ಎಸ್‌ಕ್ಯೂಲೈಟಿನ ಕರ್ತೃಗಳನ್ನು ರಾತ್ರಿ ನಿದ್ದೆಯಿಂದೆಬ್ಬಿಸಿ ದೂರುತ್ತಿದ್ದರು. ಅದಕ್ಕಾಗಿ ತಾತ್ಕಾಲಿಕ ಕಡತಗಳ ಹೆಸರನ್ನು ಹಿಂದುಮುಂದಾಗಿಸಿ ‘ಎಟಿಲ್‌ಕ್ಯೂಎಸ್’ ಎಂದು ಬದಲಿಸಲಾಯಿತು. ಇತರರ ತಾತ್ಕಾಲಿಕ ಕಡತಗಳನ್ನು ತಡಕುವ ಕಾವಲುಗಾರನೂ ಅದೇ ಫೋಲ್ಡರಿನ ಒಬ್ಬ ಬಾಡಿಗೆದಾರನೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನೊಂದು ನಿದರ್ಶನ ಆಂಟಿವೈರಸ್ ಕರ್ತೃಗಳೇ ಒಪ್ಪಿಕೊಂಡ ಪರೀಕ್ಷಾಕಡತಕ್ಕೆ ಸಂಬಂಧಿಸಿದುದು. ನಿಜವಾದ ವೈರಸ್ಸನ್ನು ಬಳಸದೆ ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಲು ಐಕಾರ್ ಎಂಬ ಯೂರೋಪಿನ ಸಂಸ್ಥೆಯ ಹೆಸರಿನಲ್ಲಿ ೬೮ ಅಕ್ಷರಗಳ ನಿರಪಾಯಕರ ಕಡತವೊಂದು ಪ್ರಚಾರದಲ್ಲಿದೆ. ಬಳಕೆದಾರರು ಕಳಿಸಿದ ಕಡತಗಳನ್ನು ಶೋಧಿಸುವ ತಂತ್ರಾಂಶವನ್ನು ಬರೆದವರು ತಮ್ಮ ಪರೀಕ್ಷೆಗಳಿಗೆ ಈ ಕಡತವನ್ನೇ ಇಟ್ಟುಕೊಳ್ಳುವುದು ಸಹಜ. ಆದರೆ ಪರೀಕ್ಷೆ ಅದನ್ನು ಮುಟ್ಟುವ ಮೊದಲೇ ಯಂತ್ರದ ಆಂಟಿವೈರಸ್ ಅದನ್ನು ಎತ್ತಿ ಸೆರೆಯಲ್ಲಿಡುತ್ತದೆ. ಈ ಕಾರಣದಿಂದ ಆ ಅಕ್ಷರಗಳನ್ನು ಎರಡು ತುಂಡುಮಾಡಿ ಬರೆದಿಟ್ಟು, ಪರೀಕ್ಷೆಯ ವೇಳೆಯಲ್ಲಿ ಮಾತ್ರ ನೆನಪಿನಕೋಶದಲ್ಲಿ ಜೋಡಿಸುವ ಉಪಾಯ ರೂಢಿಗೆ ಬಂದಿತು.

೬. ಎರಡು ಪರಿಹಾರಗಳು, ಅವುಗಳ ಬೆಲೆ

ಮೇಲಣ ಸಾಕ್ಷ್ಯವನ್ನು ಪರಿಶೀಲಿಸಿದರೆ ಒಂದು ಭೇದ ಗೋಚರಿಸುತ್ತದೆ. ಎಸ್‌ಕ್ಯೂಲೈಟಿನವರೂ ಗಿಟ್‌ನವರೂ ಮರುಪ್ರಯತ್ನದ ವ್ಯವಸ್ಥೆಯನ್ನು ತಮ್ಮ ತಂತ್ರಾಂಶದ ಒಳಗೇ ಇಟ್ಟರು. ಏಕೆಂದರೆ ತಮ್ಮ ಯಂತ್ರದಲ್ಲಿ ಆದದ್ದು ಬಳಕೆದಾರನ ಯಂತ್ರದಲ್ಲಿಯೂ ಆಗುವುದು ನಿಶ್ಚಯ, ಅವನಲ್ಲಿಯೂ ಕಾವಲುಗಾರನಿದ್ದಾನೆ. ಪೈಥಾನ್ ಸಾಮಾನ್ಯೋಪಯೋಗದ ಭಾಷೆಯಾದುದರಿಂದ, ಯಂತ್ರ ಕೊಟ್ಟ ಉತ್ತರವನ್ನು ಮರೆಮಾಚದೆ, ಕಾಯುವಿಕೆಯನ್ನು ಪರೀಕ್ಷೆಗೆ ಮಾತ್ರ ಸೀಮಿತಗೊಳಿಸಿದ್ದು ಸಮಂಜಸವೇ. ಆದರೆ ಇವರೆಲ್ಲರೂ ಸೋಲಿನ ಕಾರಣವನ್ನು ಕಂಡುಹಿಡಿದ ಮೇಲೆ ಕಾಯಲು ನಿರ್ಧರಿಸಿದರೆಂಬುದು ಮುಖ್ಯ. ಕಾರಣವನ್ನು ಹುಡುಕದೆ, ‘ಸೋತರೆ ಮತ್ತೊಮ್ಮೆ ಓಡಿಸಿ’ ಎಂಬ ವಿಧಿಯನ್ನು ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುವುದು ಬೇರೆಯದೇ ಮಾತು.

ಒಮ್ಮೆ ಸೋತು ಒಮ್ಮೆ ಗೆಲ್ಲುವ ಪರೀಕ್ಷೆಗಳನ್ನು ವೃತ್ತಿಯವರು ‘ಫ್ಲೇಕಿ’ ಎಂದು ಕರೆಯುತ್ತಾರೆ. ಗೂಗಲ್ ಸಂಸ್ಥೆ ೨೦೧೬ರಲ್ಲಿ ಪ್ರಕಟಿಸಿದಂತೆ, ಅಲ್ಲಿ ನಡೆದ ಪರೀಕ್ಷೆಗಳ ಒಟ್ಟು ಓಟಗಳಲ್ಲಿ ಸುಮಾರು ಶೇಕಡಾ ೧.೫ ಈ ಬಗೆಯ ಚಂಚಲ ಫಲಿತಾಂಶವನ್ನು ಕೊಟ್ಟವು. ಪರೀಕ್ಷೆಗಳಲ್ಲಿ ಶೇಕಡಾ ೧೬ರಷ್ಟಕ್ಕೆ ಒಂದಿಷ್ಟು ಚಾಂಚಲ್ಯವಿತ್ತು. ತೇರ್ಗಡೆಯಿಂದ ಸೋಲಿಗೆ ಬದಲಾದ ಸಂದರ್ಭಗಳಲ್ಲಿ ಶೇಕಡಾ ೮೪ರಲ್ಲಿ ಇಂತಹ ಪರೀಕ್ಷೆಯೊಂದು ಸೇರಿತ್ತು. ಇವೆಲ್ಲ ಆಂಟಿವೈರಸ್ಸಿನಿಂದ ಆದುವಲ್ಲ; ಕಾರಣಗಳು ಅನೇಕ. ಆದರೆ ಪರಿಣಾಮ ಒಂದೇ. ‘ತೋಳ ಬಂತು’ ಎಂಬ ಕೂಗಿಗೆ ಊರವರು ಕಿವಿಗೊಡದಂತಾದ ಮೇಲೆ ನಿಜವಾಗಿ ತೋಳ ಬಂದ ದಿನ ಯಾರೂ ಏಳುವುದಿಲ್ಲ.

ಎರಡನೆಯ ಪರಿಹಾರ ವಿನಾಯಿತಿ. ಇಂತಿಂತಹ ಫೋಲ್ಡರುಗಳನ್ನು ನೋಡಬೇಡವೆಂದು ಆಂಟಿವೈರಸ್ಸಿಗೆ ಆಜ್ಞೆ ಮಾಡಿದರೆ ಪರೀಕ್ಷೆ ನಿರ್ವಿಘ್ನವಾಗಿ ಸಾಗುತ್ತದೆ, ವೇಗವೂ ಹೆಚ್ಚುತ್ತದೆ. ಬೆಂಗಳೂರಿನಿಂದ ಹಿಡಿದು ಕ್ಯಾಲಿಫೋರ್ನಿಯಾದವರೆಗೆ ತಂತ್ರಾಂಶ ಸಂಸ್ಥೆಗಳಲ್ಲಿ ಇದು ಪರಿಚಿತವಾದ ಪದ್ಧತಿ. ಆದರೆ ಕೋಟೆಗೆ ದಿಡ್ಡಿಬಾಗಿಲನ್ನು ಇಟ್ಟವರು ಅದರ ಬಳಿಯಲ್ಲಿಯೂ ಒಬ್ಬ ಆಳನ್ನು ನಿಲ್ಲಿಸುತ್ತಿದ್ದರೆಂಬುದನ್ನು ಮರೆಯಲಾಗದು. ಬಿಲ್ಡ್ ಯಂತ್ರ ಶತ್ರುವಿಗೆ ಅತ್ಯಂತ ಪ್ರಿಯವಾದ ಸ್ಥಳ; ಅಲ್ಲಿ ಒಮ್ಮೆ ಬೆರೆಸಿದ ವಿಷ ಸಾವಿರಾರು ಮನೆಗಳನ್ನು ತಾನಾಗಿ ತಲುಪುತ್ತದೆ. ೨೦೦೯ರಲ್ಲಿ ಪತ್ತೆಯಾದ ಇಂಡಕ್ ಎಂಬ ವೈರಸ್ ಡೆಲ್ಫಿ ಕಂಪೈಲರಿನ ಒಂದು ಕಡತವನ್ನೇ ಕೆಡಿಸಿ, ಆ ಯಂತ್ರದಲ್ಲಿ ತಯಾರಾದ ಪ್ರೋಗ್ರಾಮುಗಳಲ್ಲೆಲ್ಲ ಸೇರಿಕೊಳ್ಳುತ್ತಿತ್ತು. ೨೦೨೦ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ, ಬಿಲ್ಡ್ ಯಂತ್ರದಲ್ಲಿ ಅವಿತಿದ್ದ ಸನ್‌ಸ್ಪಾಟ್ ಎಂಬ ಪ್ರೋಗ್ರಾಮು ಆರಿಯನ್ ತಂತ್ರಾಂಶದ ನಿರ್ಮಾಣ ಆರಂಭವಾಗುವುದನ್ನೇ ಕಾದಿದ್ದು, ಮೂಲಬರೆಹದ ಒಂದು ಕಡತವನ್ನು ಬದಲಿಸಿ, ಕೆಲಸ ಮುಗಿದ ಮೇಲೆ ಮೂಲವನ್ನು ಯಥಾಸ್ಥಾನದಲ್ಲಿ ಇಡುತ್ತಿತ್ತು. ಸುಮಾರು ೧೮,೦೦೦ದವರೆಗೆ ಗ್ರಾಹಕರು ಆ ಕಲುಷಿತ ಆವೃತ್ತಿಯನ್ನು ಪಡೆದಿರಬಹುದೆಂದು ಆ ಸಂಸ್ಥೆಯೇ ಹೇಳಿತು. ಅದಕ್ಕೆ ಸಂಸ್ಥೆಯ ನೈಜ ಸಹಿಯೇ ಇದ್ದುದರಿಂದ ಸಾಮಾನ್ಯ ಆಂಟಿವೈರಸ್ ಅದನ್ನು ಹಿಡಿಯುತ್ತಿತ್ತೆಂದು ಹೇಳುವಂತಿಲ್ಲ. ಆದರೂ ನಿರ್ಮಾಣದ ಸ್ಥಳ ನಿರಪಾಯವೆಂಬ ನಂಬಿಕೆ ಎಷ್ಟು ದುರ್ಬಲವೆಂಬುದು ಅಂದು ಸಿದ್ಧವಾಯಿತು.

ವಿನಾಯಿತಿಯ ಪಟ್ಟಿಯೂ ಒಂದು ಗುಟ್ಟು. ವಿಂಡೋಸಿನ ಡಿಫೆಂಡರ್ ಎಂಬ ಆಂಟಿವೈರಸ್ಸಿನ ವಿನಾಯಿತಿ ಪಟ್ಟಿಯನ್ನು ಯಂತ್ರದ ಯಾವ ಸಾಮಾನ್ಯ ಬಳಕೆದಾರನಾದರೂ ಓದಬಹುದಾಗಿತ್ತೆಂಬುದು ೨೦೨೨ರ ಜನವರಿಯಲ್ಲಿ ಬಹಿರಂಗವಾಗಿ ಚರ್ಚೆಗೆ ಬಂದು, ತರುವಾಯ ಮೈಕ್ರೋಸಾಫ್ಟ್ ಅದಕ್ಕೆ ತಡೆ ಹಾಕಿತು. ಕಾವಲಿಲ್ಲದ ದಾರಿ ಯಾವುದೆಂದು ಬಾಗಿಲ ಮೇಲೆಯೇ ಬರೆದಿಟ್ಟಂತಿತ್ತು ಆ ಸ್ಥಿತಿ.

೭. ಕಾವಲುಗಾರನ ಪರೀಕ್ಷೆ

ಇಷ್ಟರವರೆಗೆ ಕಾವಲು ಪರೀಕ್ಷೆಗೆ ಅಡ್ಡಿಯಾದುದನ್ನು ನೋಡಿದೆವು. ಕಾವಲಿಗೇ ಪರೀಕ್ಷೆ ಸಾಲದೆ ಹೋದುದು ಈ ಚರಿತ್ರೆಯ ಇನ್ನೊಂದು ಮುಖ. ೨೦೧೦ರ ಏಪ್ರಿಲ್ ೨೧ರಂದು ಮೆಕಫಿಯ ಹೊಸ ಲಕ್ಷಣಪಟ್ಟಿ ವಿಂಡೋಸ್ ಎಕ್ಸ್‌ಪಿಯ ಅತ್ಯವಶ್ಯಕ ಕಡತವೊಂದನ್ನೇ ವೈರಸ್ಸೆಂದು ತಿಳಿದು ಕಿತ್ತುಹಾಕಿ ಯಂತ್ರಗಳನ್ನು ನಿಲ್ಲಿಸಿತು. ೨೦೧೨ರ ಸೆಪ್ಟೆಂಬರ್ ೧೯ರಂದು ಸೋಫೋಸ್ ಆಂಟಿವೈರಸ್ ತನ್ನದೇ ನವೀಕರಣದ ಭಾಗವನ್ನು ಶತ್ರುವೆಂದು ಹಿಡಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇವು ತಕ್ಕ ನಿದರ್ಶನಗಳು.

೨೦೨೪ರ ಜುಲೈ ೧೯ರ ಘಟನೆ ಇವೆರಡನ್ನೂ ಮೀರಿಸಿತು. ಆಂಟಿವೈರಸ್ಸಿನ ಉತ್ತರಾಧಿಕಾರಿಯಾದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಕಾವಲು ತಂತ್ರಾಂಶಕ್ಕೆ ಅಂದು ಬಂದ ದತ್ತಾಂಶದ ಕಡತವೊಂದು, ಮೈಕ್ರೋಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಸ್ತಬ್ಧಗೊಳಿಸಿತು. ಕಡತವನ್ನು ಹಿಂದಕ್ಕೆ ಪಡೆಯಲು ಹಿಡಿದದ್ದು ೭೮ ನಿಮಿಷ. ಆದರೆ ಬಿದ್ದ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಲು ಹಲವೆಡೆ ದಿನಗಳೇ ಬೇಕಾದವು. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣವೂ ಸೇರಿದಂತೆ ಭಾರತದ ಅನೇಕ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಕೈಬರೆಹದ ಕಾಲಕ್ಕೆ ಮರಳಿತು. ಆ ಸಂಸ್ಥೆ ಆಗಸ್ಟಿನಲ್ಲಿ ಪ್ರಕಟಿಸಿದ ಕಾರಣವಿವರಣೆಯಂತೆ, ದತ್ತಾಂಶದ ನಮೂನೆಯಲ್ಲಿ ೨೧ ಅಂಕಣಗಳಿದ್ದುವು. ಓದುವ ತಂತ್ರಾಂಶಕ್ಕೆ ಒದಗಿಸುತ್ತಿದ್ದುದು ೨೦ ಮೌಲ್ಯಗಳು ಮಾತ್ರ. ಈ ವ್ಯತ್ಯಾಸ ಪರೀಕ್ಷೆಗಳಲ್ಲಿ ಸಿಕ್ಕಿಬೀಳಲಿಲ್ಲ. ಏಕೆಂದರೆ ಪರೀಕ್ಷೆಗಳಲ್ಲಿ ೨೧ನೆಯ ಅಂಕಣಕ್ಕೆ ‘ಏನಿದ್ದರೂ ಸರಿ’ ಎಂಬ ಚಿಹ್ನೆಯನ್ನೇ ಇಡಲಾಗಿತ್ತು. ಹೊಸಬರನ್ನೆಲ್ಲ ಸಂದೇಹದಿಂದ ನೋಡುವ ಕಾವಲುಗಾರನು ತನ್ನ ಮನೆಯಿಂದ ಬಂದ ಕಡತವನ್ನು ಅದೇ ಸಂದೇಹದಿಂದ ನೋಡಿರಲಿಲ್ಲ.

೮. ಉಪಸಂಹಾರ

೨೦೨೩ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ೧೧ಕ್ಕಾಗಿ ‘ಡೆವ್ ಡ್ರೈವ್’ ಎಂಬ ಪ್ರತ್ಯೇಕ ಸಂಗ್ರಹಭಾಗವನ್ನು ಪ್ರಕಟಿಸಿತು. ಇದಕ್ಕೆ ಕನಿಷ್ಠ ೫೦ ಗಿಗಾಬೈಟ್ ಸ್ಥಳ ಬೇಕು. ಇಲ್ಲಿ ಡಿಫೆಂಡರ್ ಕಡತವನ್ನು ತೆರೆಯುವ ಕೋರಿಕೆಯನ್ನು ತಡೆದು ನಿಲ್ಲಿಸದೆ ಮೊದಲು ತೆರೆಯಗೊಟ್ಟು, ತಪಾಸಣೆಯನ್ನು ಆಮೇಲೆ ನಡೆಸುತ್ತದೆ. ಇದು ಕಾವಲನ್ನು ಪೂರ್ತಿಯಾಗಿ ತೆಗೆದುಹಾಕುವುದಕ್ಕಿಂತ ಮೇಲು. ಪೂರ್ತಿಯಾಗಿ ಇಡುವುದಕ್ಕಿಂತ ಸಡಿಲ. ಕೋಹೆನ್ನರ ಫಲಿತಾಂಶವನ್ನು ನೆನೆದರೆ, ಇಂತಹ ಒಪ್ಪಂದಗಳಲ್ಲದೆ ಅಂತಿಮ ಪರಿಹಾರವೊಂದನ್ನು ನಿರೀಕ್ಷಿಸುವುದು ಸಾಧುವಲ್ಲವೆಂದು ತೋರುತ್ತದೆ.

ಈ ಚರಿತ್ರೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಆಂಟಿವೈರಸ್ಸಿನಿಂದ ಸೋತ ಪರೀಕ್ಷೆ ನಿರರ್ಥಕವಾದ ಗದ್ದಲವಲ್ಲ. ತಂತ್ರಾಂಶ ಮುಂದೆ ಯಾವ ಲೋಕದಲ್ಲಿ ಬಾಳಬೇಕಾಗಿದೆಯೋ ಆ ಲೋಕದಿಂದ ಬಂದ ವರ್ತಮಾನ. ಅದನ್ನು ವರ್ತಮಾನವೆಂದು ಓದಿದವರು ತಮ್ಮ ಕೃತಿಯನ್ನು ಬಲಪಡಿಸಿಕೊಂಡರು. ಗದ್ದಲವೆಂದು ಬಗೆದವರು ಮೊದಲು ತಮ್ಮ ಪರೀಕ್ಷೆಯ ಮೇಲಣ ನಂಬಿಕೆಯನ್ನೂ, ತರುವಾಯ ತಮ್ಮ ಬಾಗಿಲಿನ ಮೇಲಣ ಕಾವಲನ್ನೂ ಸಡಿಲಿಸಬೇಕಾಯಿತು. ಆದುದರಿಂದ ವಿನಾಯಿತಿಯನ್ನು ಕೊಡಲೇಬೇಕಾದಲ್ಲಿ ಅದು ಒಂದೇ ಫೋಲ್ಡರಿಗೆ ಸೀಮಿತವಾಗಿರಬೇಕು. ಯಾರು, ಯಾವ ಕಾರಣಕ್ಕೆ, ಎಷ್ಟು ಕಾಲಕ್ಕೆ ಕೊಟ್ಟರೆಂಬ ಬರೆಹವಿರಬೇಕು. ಅಲ್ಲಿಂದ ಹೊರಬೀಳುವ ಪ್ರೋಗ್ರಾಮು ಗ್ರಾಹಕನನ್ನು ಮುಟ್ಟುವ ಮೊದಲು ಕಾವಲಿನ ಕಣ್ಣಿಗೆ ಬೀಳಬೇಕು. ಪರೀಕ್ಷೆಗಳನ್ನು ಒಮ್ಮೆಯಾದರೂ ಕಾವಲು ಪೂರ್ತಿಯಾಗಿರುವ ಯಂತ್ರದಲ್ಲಿ ನಡೆಸಬೇಕು. ಮರುಪ್ರಯತ್ನ ಮಾಡುವಲ್ಲಿ, ಎಷ್ಟು ಬಾರಿ ಮಾಡಬೇಕಾಯಿತೆಂಬ ಲೆಕ್ಕವೂ ಉಳಿಯಬೇಕು.

ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಕಲಿಯುವವರು ಭದ್ರತೆಯನ್ನೂ ಪರೀಕ್ಷೆಯನ್ನೂ ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಾಗಿ ಓದುತ್ತಾರೆ. ಇವೆರಡೂ ಒಂದೇ ಫೋಲ್ಡರಿನಲ್ಲಿ, ಒಂದೇ ಮಿಲಿಸೆಕೆಂಡಿನಲ್ಲಿ ಕೈತಾಗಿಸುವ ಸಂಗತಿಯನ್ನು ಪಾಠದಲ್ಲಿ ಸೇರಿಸಿಕೊಳ್ಳುವುದು ಉಚಿತ. ವಿದ್ಯಾರ್ಥಿಯು ಎಸ್‌ಕ್ಯೂಲೈಟಿನಂತಹ ಮುಕ್ತ ತಂತ್ರಾಂಶವನ್ನು ತೆರೆದು, ಆ ಹಳೆಯ ಟಿಪ್ಪಣಿಗಳನ್ನು ತಾನೇ ಓದಿ, ಒಂದೊಂದು ವಿರಾಮದ ಅಂಕಿಯ ಹಿಂದೆ ಯಾರ ಯಾವ ಕಷ್ಟವಿತ್ತೆಂದು ವಿಚಾರಿಸಿದರೆ, ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ಅದೇ ಉತ್ತಮವಾದ ಉಪಕ್ರಮವಾಗುತ್ತದೆ.